ನಮ್ಮ ಕೇರೆ ಹಾವನ್ನು ಮರಳಿ ಕೇಳಿದ್ದು

ಹೇಳುವ ಕ್ರಮದಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಹಾವಿನ ವಿಷಯವನ್ನು ಗೌರವಯುತವಾಗಿ ಬರೆಯುವುದು ಹೇಗೆಂದು ಯಾವ ತರಗತಿಯಲ್ಲೂ ಕಲಿಸಿರಲಿಲ್ಲ.

ಬೈಕಂಪಾಡಿಯ ಗೋದಾಮುಗಳ ಹಿಂಬದಿಯಲ್ಲಿ ನಮ್ಮದೊಂದು ಗದ್ದೆ ಉಳಿದಿದೆ. ಅಪ್ಪ ಅಲ್ಲಿಗೆ ವಿಷ ತರುವುದಿಲ್ಲ. ಬೆಳ್ಳಕ್ಕಿ, ಕಪ್ಪೆ, ಮುಂಗುಸಿ, ಎಲ್ಲವೂ ಅವರ ಪಾಲಿಗೆ ಕೆಲಸದವರೇ. ಗದ್ದೆಯಂಚಿನ ಹುಣಿಯ, ಅಂದರೆ ಬದುವಿನ, ಬಿಲದಲ್ಲಿದ್ದ ಕೇರೆ ಹಾವಿಗೆ ಇಲಿಗಳ ವಿಭಾಗ.

ಕಳೆದ ವರ್ಷ ತೆನೆ ಬಲಿಯುತ್ತಿದ್ದಾಗ, ಪಕ್ಕದ ಹೊಸ ಫ್ಲ್ಯಾಟಿನಲ್ಲಿರುವ ಬ್ಯಾರಿ ವ್ಯಾಪಾರಿ, ನಮ್ಮ ಮೇಲಿನ ಕಾಳಜಿಯಿಂದಲೇ, ಹಾವು ಹಿಡಿಯುವವರನ್ನು ಕರೆಸಿದರು. ಅಪ್ಪ ಪೇಟೆಯಿಂದ ಬರುವಷ್ಟರಲ್ಲಿ ಕೇರೆ ಚೀಲ ಸೇರಿ ಹೊರಟುಹೋಗಿತ್ತು. ವಾರ ಕಳೆಯುವುದರೊಳಗೆ ಇಲಿಗಳು ಒಂದು ಮೂಲೆಯ ತೆನೆಗಳನ್ನೆಲ್ಲ ಕತ್ತರಿಸಿ ಮಲಗಿಸಿದವು.

"ಈ ಬೆಳೆ ಹೋದರೆ ಮುಗೀತು. ಮಣ್ಣು ತುಂಬಿಸಿ ಗೋದಾಮಿನವರಿಗೆ ಬಾಡಿಗೆಗೆ ಕೊಡ್ತೇನೆ," ಎಂದರು ಅಪ್ಪ. ಆ ಗದ್ದೆಯ ಅಕ್ಕಿಯನ್ನಲ್ಲದೆ ಬೇರೆಯದನ್ನು ಗಂಜಿಗೆ ಒಪ್ಪದ ಅಮ್ಮ ಅವರೊಡನೆ ಮಾತು ನಿಲ್ಲಿಸಿದರು.

ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ಅತ್ತಾವರಕ್ಕೆ ಹೊರಟರು. ಹಾವು ಹಿಡಿಯುವವರಿಗೆ ಅಲ್ಲೊಂದು ಮೊಬೈಲ್ ಅಂಗಡಿ. ಸರಿಯಾಗಿ ಮಾತನಾಡಲು ಪದವೀಧರೆ ಬೇಕಿತ್ತಂತೆ.

"ತಮ್ಮಿಂದ ನಮ್ಮ ಹಾವನ್ನು ಮರಳಿ ಪಡೆಯಬಹುದೇ?" ಎಂದು ವಿನಂತಿಸಿದೆ.

ಯಾರದೋ ಫೋನಿಗೆ ಗಾಜು ಅಂಟಿಸುತ್ತಿದ್ದವರು ಕೈ ನಿಲ್ಲಿಸಿದರು. "ಅದನ್ನು ಬಿಟ್ಟಾಯ್ತಲ್ಲ ಮೇಡಂ."

"ಹಾಗಾದರೆ ಬೇರೆ ಉಂಟಾ?" ಅಪ್ಪ ಚಪ್ಪಲಿ ಅಂಗಡಿಯಲ್ಲಿ ಕೇಳುವಂತೆ ಕೇಳಿದರು.

"ಎಂತ ಸೈಜ್ ಬೇಕು?"

"ಅಷ್ಟೇ ಉದ್ದದ್ದು. ಹೆಚ್ಚು ನಾಚಿಕೆಯದ್ದು ಬೇಡ."

ಅವರು ನಕ್ಕು ನಮ್ಮ ನಂಬರ್ ಇಟ್ಟುಕೊಂಡರು. ಕೆಲವೇ ದಿನಗಳಲ್ಲಿ ಅವರಿಂದ ಕರೆ ಬಂತು: ನಮ್ಮ ಗದ್ದೆಯ ಎದುರಿನ ಗೋದಾಮಿನಲ್ಲೇ ಕೇರೆಯೊಂದು ಸಿಕ್ಕಿದೆ, ಹತ್ತಿರದಲ್ಲೇ ಬಿಡಬೇಕಾಗಿದೆ. ಅವರು ಚೀಲ ಹಿಡಿದು ಮುಂದೆ, ಅಪ್ಪ ಮದುಮಗನ ಕಡೆಯವರಂತೆ ಹಿಂದೆ. ವ್ಯಾಪಾರಿ ಬಾಲ್ಕನಿಯಿಂದ ಬಗ್ಗಿದರು.

"ಅಣ್ಣ, ಚೀಲದಲ್ಲಿ ಎಂತ?"

"ಹೊಸ ಕೆಲಸದವ. ಹಳಬನನ್ನು ನೀವು ಕಳಿಸಿದಿರಲ್ಲ," ಎಂದರು ಅಪ್ಪ.

ವ್ಯಾಪಾರಿ ಕೆಳಗೆ ನಿಲ್ಲಿಸಿದ್ದ ತಮ್ಮ ಕಾರಿನತ್ತ ನೋಡಿದರು. "ನಮ್ಮ ಪಾರ್ಕಿಂಗ್ ಕಡೆ ಮಾತ್ರ ಅವನಿಗೆ ಡ್ಯೂಟಿ ಹಾಕಬೇಡಿ ಮಾರಾಯ್ರೆ."

ಚೀಲ ಬಿಚ್ಚಿದೊಡನೆ ಹೊಸಬ ಯಾರ ಪರಿಚಯಕ್ಕೂ ಕಾಯದೆ ಹಳಬನ ಬಿಲಕ್ಕೇ ನುಗ್ಗಿದ. ಉಳಿದಿದ್ದ ತೆನೆಗಳು ಕೊಯ್ಲಿನವರೆಗೂ ಉಳಿದವು.

ಆ ಬಳಿಕ ಅಪ್ಪ ಗದ್ದೆಗೆ ಮಣ್ಣು ತುಂಬಿಸುವ ಮಾತೆತ್ತಲಿಲ್ಲ. ಅಮ್ಮ ಅವರೊಡನೆ ಮಾತು ಆರಂಭಿಸಿದರು. ಈಗ ವ್ಯಾಪಾರಿಯ ಮನೆಯವರು ನಮ್ಮ ಅಕ್ಕಿಯನ್ನೇ ಕೊಳ್ಳುತ್ತಾರೆ, ಹಾವು ಕಂಡರೆ ಮೊದಲು ಅಪ್ಪನಿಗೆ ಫೋನ್ ಮಾಡುತ್ತಾರೆ.