ಹೊಲಿಗೆ ಯಂತ್ರದ ಸದ್ದಿನೊಳಗೆ ಸಿಕ್ಕ ಇಪ್ಪತ್ತೆರಡು ನಿಮಿಷ

ಬಾನುಲಿ ಕೇಂದ್ರವೆಂದರೆ ಕೇಳುಗರಿಗೆ ಉದ್ಘೋಷಕರ ಧ್ವನಿ ನೆನಪಾಗುತ್ತದೆ, ಹಾಡಿದವರ ಹೆಸರು ನೆನಪಾಗುತ್ತದೆ. ಆ ಧ್ವನಿಯನ್ನೂ ಹಾಡನ್ನೂ ಕೆಡದಂತೆ ಕಾದಿಟ್ಟವರು ಯಾರೆಂದು ವಿಚಾರಿಸುವವರು ಕಡಿಮೆ. ನಮ್ಮ ಕೇಂದ್ರದಲ್ಲಿ ಆ ಕೆಲಸ ಮಾಡಿದವರು, ಕಾವಲುಗಾರರಿಂದ ನಿರ್ದೇಶಕರವರೆಗೆ ಎಲ್ಲರೂ ಟೇಪಕ್ಕ ಎಂದೇ ಕರೆಯುವ, ಈ ತಿಂಗಳು ನಿವೃತ್ತರಾಗುತ್ತಿರುವ ಧ್ವನಿ ಭಂಡಾರದ ಮುಖ್ಯಸ್ಥರು. ಬೀಳ್ಕೊಡುಗೆ ಸಮಾರಂಭದ ಆಹ್ವಾನ ಪತ್ರದಲ್ಲಿ ಅವರ ಸೇವೆ ಮೂವತ್ತೈದು ವರ್ಷ ಎಂದು ಅಚ್ಚಾಗಿದೆ. ಸೇವಾ ಪುಸ್ತಕದ ಪ್ರಕಾರ ಅದು ಮೂವತ್ತಮೂರು ವರ್ಷ ಏಳು ತಿಂಗಳು. ಇದನ್ನು ತಿದ್ದದೆ ಮುಂದುವರಿದರೆ ನನ್ನನ್ನು ಮೊದಲು ತರಾಟೆಗೆ ತೆಗೆದುಕೊಳ್ಳುವವರು ಅವರೇ.

ಪತ್ರಿಕೆ ಬಿಟ್ಟು ಈ ಕೇಂದ್ರದ ಸುದ್ದಿ ವಿಭಾಗಕ್ಕೆ ನಾನು ಬಂದದ್ದು ಹತ್ತೊಂಬತ್ತು ವರ್ಷಗಳ ಹಿಂದೆ. ಭಂಡಾರ ಆಗಲೂ ಈಗಿನ ಜಾಗದಲ್ಲೇ ಇತ್ತು: ಪಡಸಾಲೆಗಿಂತ ಎರಡು ಮೆಟ್ಟಿಲು ಕೆಳಗೆ, ಜನರೇಟರ್ ಕಡೆಗೆ ಒಂದೇ ಕಿಟಕಿ, ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು. ಟೇಪುಗಳ ಆರೋಗ್ಯಕ್ಕಾಗಿ ಅಲ್ಲಿ ಸದಾ ತಂಪು ಇರುತ್ತಿದ್ದುದರಿಂದ ಬೇಸಿಗೆಯಲ್ಲಿ ಸಂಗೀತಾಸಕ್ತರ ಸಂಖ್ಯೆ ಹೆಚ್ಚುತ್ತಿತ್ತು.

ಸೇರಿದ ಎರಡನೇ ವಾರ ವಾರ್ತೆ ಒಂದು ನಿಮಿಷ ಮೊದಲೇ ಮುಗಿಯಿತು. ಖಾಲಿ ಹೊತ್ತು ತುಂಬಲು ನಾನು ಕೈಗೆ ಸಿಕ್ಕ ವಾದ್ಯ ಸಂಗೀತದ ಟೇಪನ್ನು ಯಂತ್ರಕ್ಕೆ ಏರಿಸಿದೆ. ಟೇಪನ್ನು ಕೊನೆ ಹೊರಗೆ ಬರುವಂತೆ ಸುತ್ತಿಡುವುದು ಭಂಡಾರದ ಪದ್ಧತಿ. ನುಡಿಸುವ ಮೊದಲು ತಿರುಗಿಸಿ ಸುತ್ತಬೇಕು. ನನಗದು ಗೊತ್ತಿರಲಿಲ್ಲ. ನಲವತ್ತು ಸೆಕೆಂಡು ಸಂಗೀತ ಹಿಂದುಮುಂದಾಗಿ ಪ್ರಸಾರವಾಯಿತು. ಕೆಲಸ ಹೋಯಿತೆಂದೇ ಭಾವಿಸಿದ್ದೆ. ಟೇಪಕ್ಕ ದಿನಚರಿ ಪುಸ್ತಕದಲ್ಲಿ ಬರೆದದ್ದು ಇಷ್ಟು: “ಏರಿಸಿದವರು ಹೊಸಬರು. ಅವರಿಗೆ ಹೇಳಿಕೊಡದವಳು ನಾನು.” ಇದು ಯಾವ ದೇಶದ ಸಂಗೀತ, ಬಹಳ ಚೆನ್ನಾಗಿತ್ತು, ಮತ್ತೊಮ್ಮೆ ಹಾಕಿ ಎಂದು ಕೇಳಿ ಮರುವಾರ ಎರಡು ಕಾಗದ ಬಂದವು. ಎರಡನ್ನೂ ಅವರು ಭಂಡಾರದ ಬಾಗಿಲಿಗೆ ಅಂಟಿಸಿದರು. ಅಲ್ಲಿಗೆ ನನ್ನ ಶಿಕ್ಷೆ ಮುಗಿಯಿತು.

ನಮ್ಮ ಕಾರಿನ ಚಾಲಕ ತಂದೆಯನ್ನು ಕಳೆದುಕೊಂಡಾಗ, ಆ ತಂದೆ ತರಕಾರಿ ಮಾರುತ್ತಿದ್ದವರೆಂಬ ಒಂದೇ ಎಳೆ ಹಿಡಿದು ಹಳೆಯ ಮಾರುಕಟ್ಟೆ ವರದಿಗಳನ್ನೆಲ್ಲ ಜಾಲಾಡಿ, ಬೆಲೆಯೇರಿಕೆಯ ಬಗ್ಗೆ ಅವರು ಗೊಣಗಿದ್ದ ಇಪ್ಪತ್ತು ಸೆಕೆಂಡುಗಳನ್ನು ಹುಡುಕಿಕೊಟ್ಟವರು ಇವರು. ಚಾಲಕ ಅದನ್ನು ಈಗಲೂ ಫೋನಿನಲ್ಲಿಟ್ಟುಕೊಂಡಿದ್ದಾರೆ.

ಹೀಗಿದ್ದೂ ಟೇಪು, ಕ್ಯಾಸೆಟ್ಟುಗಳ ಮೇಲೆ ಅವರಿಗೆ ಎಳ್ಳಷ್ಟೂ ವ್ಯಾಮೋಹವಿರಲಿಲ್ಲ. ಹತ್ತು ವರ್ಷಗಳ ಹಿಂದೆ ಭಂಡಾರವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಶುರುವಾದಾಗ, ಟೇಪಿನ ನಾದದ ಬೆಚ್ಚನೆಯ ಗುಣ ಇನ್ನು ಮುಂದೆ ಸಿಗದೆಂದು ಕೊರಗಿ ನನ್ನ ಹಳೆಯ ಪತ್ರಿಕೆಯ ವಾರದ ಅಂಕಣದಲ್ಲಿ ಬರೆದೆ. ಅವರು ನನ್ನನ್ನು ಕರೆಸಿ, ಯಂತ್ರಗಳಿಗೆ ಬೆನ್ನು ಹಾಕಿ ಕೂರಿಸಿ, ಒಂದೇ ಹಾಡನ್ನು ಮೂರು ಬಗೆಯಲ್ಲಿ ಕೇಳಿಸಿದರು. ಎರಡನೆಯದೇ ಬೆಚ್ಚಗಿದೆ, ಅದೇ ಟೇಪು ಎಂದು ನಾನು ಎದೆ ತಟ್ಟಿ ಹೇಳಿದೆ. ಅದು ಕಂಪ್ಯೂಟರಿನದಾಗಿತ್ತು.

“ಪೇಪರಿನವರೇ, ಆ ಹಾಡನ್ನ ನೀವು ಮೀಸೆ ಚಿಗುರೋ ವಯಸ್ಸಲ್ಲಿ ಕೇಳಿದ್ರಿ. ಬೆಚ್ಚಗಿದ್ದಿದ್ದು ಆ ವಯಸ್ಸು. ಅದರ ಪುಣ್ಯಾನ ತಗೊಂಡೋಗಿ ಟೇಪಿಗೆ ಯಾಕೆ ಕಟ್ತೀರಿ?” ಎಂದರು.

ಮುಂದಿನ ವಾರದ ಅಂಕಣದಲ್ಲಿ ನಾನು ತಿದ್ದುಪಡಿ ಹಾಕಿದೆ.

ಐದು ವರ್ಷಗಳ ಹಿಂದೆ ಒಬ್ಬ ಹಿರಿಯ ಪಿಟೀಲು ವಾದಕರು ಕೈಯಲ್ಲೊಂದು ಚೀಟಿ ಹಿಡಿದು ಭಂಡಾರಕ್ಕೆ ಬಂದರು. ಚೀಟಿಯಲ್ಲಿ ಒಂದು ಪ್ರಸಾರದ ದಿನಾಂಕವಿತ್ತು. ಅಂದು ಅವರ ಅಕ್ಕ ಅರ್ಧ ಗಂಟೆ ಹಾಡಿದ್ದರು, ಇವರು ಪಿಟೀಲು ನುಡಿಸಿದ್ದರು. ಅದೇ ವರ್ಷ ಅಕ್ಕ ತೀರಿಕೊಂಡರು. ಇಬ್ಬರೂ ಕೂಡಿ ಹಾಡಿ ನುಡಿಸಿದ್ದು ಮತ್ತೆಲ್ಲೂ ಮುದ್ರಣವಾಗಿರಲಿಲ್ಲ. ವಾದಕರ ಕಿವಿ ಮಂದವಾಗತೊಡಗಿತ್ತು. ಪೂರ್ತಿ ಹೋಗುವುದರೊಳಗೆ ಅದನ್ನೊಮ್ಮೆ ಕೇಳಬೇಕೆಂಬುದು ಅವರ ಆಸೆ.

ಟೇಪಕ್ಕ ಹುಡುಕುತ್ತೇವೆ ಎಂದು ಹೇಳಿ ಕಳುಹಿಸಿದರು. ಎರಡು ವರ್ಷ ಹಾಗೆಯೇ ಹೇಳಿದರು. ಈ ಅಭಿನಂದನ ಗ್ರಂಥದಲ್ಲಿ ಇದನ್ನು ಬರೆಯಬಹುದೇ ಎಂದು ಅವರನ್ನೇ ಕೇಳಿದೆ. ಬರೆಯದಿದ್ದರೆ ಉಳಿದದ್ದನ್ನೂ ಬರೆಯಬೇಡಿ ಎಂದರು. ಹುಡುಕಲು ಅಲ್ಲಿ ಏನೂ ಇರಲಿಲ್ಲ. ಅವರು ಸೇವೆಗೆ ಸೇರಿದ ನಾಲ್ಕನೇ ವರ್ಷ ಖಾಲಿ ಟೇಪುಗಳ ಕೊರತೆ ಬಂದು, ಮೂರು ವರ್ಷ ಮರುಪ್ರಸಾರವಾಗದ ಟೇಪುಗಳನ್ನು ಅಳಿಸಿ ಮತ್ತೆ ಬಳಸಬೇಕೆಂಬ ಸುತ್ತೋಲೆ ಹೊರಟಿತ್ತು. ಸಾವಿರದ ನೂರ ನಲವತ್ತೆರಡು ಟೇಪುಗಳನ್ನು ಅಳಿಸಲಾಯಿತು. ಪಟ್ಟಿಯ ಪ್ರತಿ ಪುಟದಲ್ಲೂ ಟೇಪಕ್ಕನವರ ಸಹಿ ಇದೆ; ಆ ದಿನಾಂಕ ಹತ್ತೊಂಬತ್ತನೆಯ ಪುಟದಲ್ಲಿದೆ.

ಮೂರನೆಯ ವರ್ಷ ವಾದಕರು ಬಂದಾಗ ಅವರು ಆ ಪುಟವನ್ನು ಮುಂದಿಟ್ಟರು. “ಅದನ್ನ ಅಳಿಸಿದ್ದು ನಾನೇ ಯಜಮಾನ್ರೇ. ಎರಡು ವರ್ಷ ನಿಮಗೆ ಸುಳ್ಳು ಹೇಳಿದೆ.”

ವಾದಕರು ಆ ದಿನಾಂಕದ ಮೇಲೆ ಬೆರಳಿಟ್ಟು, “ಆವತ್ತು ನಾನೊಂದು ಕಡೆ ಅಪಸ್ವರ ನುಡಿಸಿದ್ದೆ. ಅಕ್ಕ ಮನೆಗೆ ಹೋಗೋವರೆಗೂ ಬೈದಿದ್ಳು. ಅದಕ್ಕಿನ್ನು ಸಾಕ್ಷಿ ಇಲ್ಲ ಅನ್ನಿ” ಎಂದು ನಕ್ಕರು. ಟೇಪಕ್ಕ ನಗಲಿಲ್ಲ.

ಆ ತಿಂಗಳಿನಿಂದ ಕೇಳುಗರ ಪತ್ರಗಳ ಕಾರ್ಯಕ್ರಮದಲ್ಲಿ ಒಂದು ಕೋರಿಕೆ ಓದುವುದು ಶುರುವಾಯಿತು: ರೇಡಿಯೊದಿಂದ ಮನೆಯಲ್ಲಿ ಮುದ್ರಿಸಿಕೊಂಡ ಕ್ಯಾಸೆಟ್ಟುಗಳಿದ್ದರೆ ಕಳುಹಿಸಿ, ಕೇಳಿ ಹಿಂದಿರುಗಿಸುತ್ತೇವೆ. ಬಂದವು ಆರುನೂರ ಹದಿನಾಲ್ಕು. ಅವುಗಳಲ್ಲಿ ಸಿನಿಮಾ ಹಾಡುಗಳಿದ್ದವು, ಮಕ್ಕಳ ರಂಪಾಟವಿತ್ತು, ಯಾವುದೋ ಅತ್ತೆ ಸೊಸೆಯರ ಸಂಪೂರ್ಣ ಜಗಳವೊಂದಿತ್ತು. (ಅದನ್ನು ವಾಪಸು ಕಳುಹಿಸುವಾಗ ಎಂದಿನ ಕೃತಜ್ಞತಾ ಪತ್ರದ ಒಕ್ಕಣೆಯನ್ನು ಮೂರು ಸಲ ಬದಲಿಸಿದ್ದಾಗಿ ಕೇಳಿದ್ದೇನೆ.) ಕ್ಯಾಸೆಟ್ಟಿನ ಮೇಲಿನ ಚೀಟಿಯನ್ನು ನಂಬದೆ, ಊಟದ ವಿರಾಮದಲ್ಲಿ ದಿನಕ್ಕೊಂದರಂತೆ ಎರಡೂ ಬದಿಗಳನ್ನು ಅವರು ಕೇಳಿದರು. ಕ್ಯಾಸೆಟ್ ಕೇಡಿನ ವಸ್ತು ಎಂದು ಪ್ರತಿದಿನ ಬೈಯುತ್ತಲೇ ಕೇಳಿದರು.

ನಿವೃತ್ತಿಗೆ ಹನ್ನೊಂದು ವಾರ ಉಳಿದಿದ್ದಾಗ ನಾನೂರ ಎಂಬತ್ತೇಳನೆಯದನ್ನು ಹಾಕಿದರು. ಒಬ್ಬ ದರ್ಜಿ ಕಳುಹಿಸಿದ್ದು. ಮೇಲಿನ ಚೀಟಿಯಲ್ಲಿ “ತಂಗಿ ಮದುವೆ” ಎಂದಿತ್ತು. ಒಳಗೆ ರೇಡಿಯೊದ ಮುಂದೆ ಮೈಕು ಇಟ್ಟು ಮುದ್ರಿಸಿದ ಆ ಅಕ್ಕ ತಮ್ಮಂದಿರ ಸಂಗೀತ, ಅದರ ಹಿಂದೆ ಹೊಲಿಗೆ ಯಂತ್ರದ ಓಟ. ಒಂದು ಬದಿಯ ಟೇಪು ಮುಗಿಯುವವರೆಗೆ ಇಪ್ಪತ್ತೆರಡು ನಿಮಿಷ.

ನಮ್ಮ ತಂತ್ರಜ್ಞರು ಯಂತ್ರದ ಸದ್ದು ತೆಗೆದು ಶುದ್ಧಪ್ರತಿಯೊಂದನ್ನು ಮಾಡಿದರು. ಅದರಲ್ಲಿ ಸದ್ದಿನ ಜೊತೆಗೆ ಅಕ್ಕನ ಕೆಳಸ್ವರಗಳೂ ಸವೆದು ಹೋಗಿದ್ದವು. ಟೇಪಕ್ಕ ವಾದಕರನ್ನು ಕರೆಸಿ, ಶ್ರವಣಯಂತ್ರ ತೆಗೆಸಿ, ದೊಡ್ಡ ಹೆಡ್‌ಫೋನ್ ತೊಡಿಸಿ ಮೊದಲು ಶುದ್ಧಪ್ರತಿ, ಆಮೇಲೆ ಮೂಲ, ಎರಡನ್ನೂ ಕೇಳಿಸಿದರು. ನಾನೂ ಅಲ್ಲಿದ್ದೆ. ಎರಡನೇ ಸಲ ಕೇಳುವಾಗ ವಾದಕರ ಎಡಗೈ ಬೆರಳುಗಳು ಮೇಜಿನಂಚಿನ ಮೇಲೆ ಓಡಾಡುತ್ತಿದ್ದವು. ಒಂದು ಕಡೆ ತಟಕ್ಕನೆ ನಿಂತವು; ಅಪಸ್ವರ ಸಿಕ್ಕಿತ್ತು.

“ಮಿಷನ್ ಇರೋದೇ ಕೊಡಿ. ಆ ದರ್ಜಿ ತಾಳ ನನಗಿಂತ ವಾಸಿ” ಎಂದರು. ಆಮೇಲೆ, “ಉಳಿದ ಎಂಟು ನಿಮಿಷ?”

ಹುಡುಕುತ್ತೇನೆ ಎಂದರು ಟೇಪಕ್ಕ.

“ನಿಧಾನಕ್ಕೆ ಹುಡುಕಮ್ಮ. ಆತುರ ನನಗಲ್ಲ, ಈ ಕಿವಿಗೆ.”

ಕ್ಯಾಸೆಟ್ಟಿಗೆ ಈಗಲಾದರೂ ಒಂದು ನಮಸ್ಕಾರ ಹಾಕಬಹುದಲ್ಲ ಎಂದು ನಾನು ಕೆಣಕಿದೆ. ಅವರು ಒಪ್ಪಲಿಲ್ಲ. ನಮಸ್ಕಾರ ದರ್ಜಿಗೆ ಸಲ್ಲಬೇಕು ಎಂದರು. ಹೊಲಿಗೆ ಅವಸರದಲ್ಲಿದ್ದರೂ ಹಾಡು ಕಿವಿಗೆ ಬಿದ್ದೊಡನೆ ಮೈಕು ಜೋಡಿಸಿದವರು, ಮೂವತ್ತು ವರ್ಷ ಅದರ ಮೇಲೆ ಬೇರೇನನ್ನೂ ಮುದ್ರಿಸದೆ ಇಟ್ಟವರು ಅವರು. ತಿರುಗಿ ವಾದಿಸಲು ನನ್ನ ಬಳಿ ಪುರಾವೆ ಇಲ್ಲ.

ಕೇಳಬೇಕಾದ ಕ್ಯಾಸೆಟ್ಟುಗಳು ಇನ್ನೂ ಎಂಬತ್ತೆರಡಿವೆ. ವಾರಕ್ಕೆ ಮೂರು ದಿನ ಬಂದು ಅವನ್ನು ಕೇಳಲು ಟೇಪಕ್ಕ ನಿರ್ದೇಶಕರಿಂದ ಲಿಖಿತ ಅನುಮತಿ ಪಡೆದಿದ್ದಾರೆ. ಆದ್ದರಿಂದ ಇದನ್ನು ನಿವೃತ್ತಿ ಎನ್ನುವುದು ಅರ್ಧ ಸತ್ಯ. ಅವರಿಗೆ ನೂರು ವರ್ಷ ಆಯುಸ್ಸಿರಲಿ, ಕಿವಿ ಚುರುಕಾಗಿರಲಿ, ಬೈಯುವ ಉತ್ಸಾಹ ಬತ್ತದಿರಲಿ. ಆ ಎಂಟು ನಿಮಿಷ ಯಾರ ಮನೆಯ ಅಟ್ಟದಲ್ಲಿ, ಯಾವ ತಪ್ಪು ಚೀಟಿಯ ಕೆಳಗಿದ್ದರೂ ಅವರ ಕೈಗೆ ಸಿಗಲಿ. ಬೇಗ ಸಿಗಲಿ.