ಹೈದರಾಬಾದಿನಲ್ಲಿ ಓದಿದ ವರ್ಷ

ಮದುವೆಯಾಗಿ ರೋಣಕ್ಕೆ ಬಂದಾಗ ನನ್ನ ಬಿ.ಎ. ಅರ್ಧಕ್ಕೆ ನಿಂತಿತ್ತು. ಹೈದರಾಬಾದಿನಲ್ಲಿ ಇಂಟರ್ ಮುಗಿಸಿ, ಬಿ.ಎ. ಮೊದಲ ವರ್ಷದ ಪರೀಕ್ಷೆಯನ್ನೂ ಬರೆದು, ಕೊನೆಯ ವರ್ಷಕ್ಕೆ ಹೆಸರು ಹಚ್ಚುವ ಮೊದಲೇ ತಲೆಯ ಮೇಲೆ ಅಕ್ಷತೆ ಬಿದ್ದಿತ್ತು. ಅಪ್ಪ ಅಲ್ಲಿ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಮ್ಮ ಮೂಲ ಊರು ಗಜೇಂದ್ರಗಡದ ಆಚೆ, ಜನ ಆಗಲೂ ನಿಜಾಮರ ಸೀಮೆ ಎಂದೇ ಕರೆಯುತ್ತಿದ್ದ ಕಡೆ. ಗಜೇಂದ್ರಗಡ ಮುಂಬಯಿ ಸರಕಾರಕ್ಕೆ ಸೇರಿತ್ತು, ಅದನ್ನು ದಾಟಿ ಸ್ವಲ್ಪ ದೂರ ಹೋದರೆ ಹೈದರಾಬಾದ್ ಸರಕಾರ. ಎರಡೂ ಕಡೆ ಅದೇ ಜೋಳದ ರೊಟ್ಟಿ, ಅದೇ ಮಾತು. ಕಲಿಯುವ ಸಾಲಿ ಮಾತ್ರ ಬೇರೆ. ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ, ಕಾಲೇಜಿಗೆ ಬಂದ ಮೇಲೆ ಇಂಗ್ಲಿಷಿನಲ್ಲಿ.

ನಮ್ಮವರು ರೋಣದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ತಂದೆ ತೀರಿಕೊಂಡಿದ್ದರು, ಮನೆಯಲ್ಲಿ ತಾಯಿ ಮತ್ತು ಮಗ ಇಬ್ಬರೇ. ನನ್ನನ್ನು ನೋಡಲು ಬಂದ ದಿನ ಅಪ್ಪ ಸಂಕೋಚಪಡುತ್ತಲೇ ಒಂದು ಮಾತು ಹೇಳಿದರು, ಹುಡುಗಿಯ ಓದು ಇನ್ನೂ ಉಳಿದಿದೆ ಎಂದು. ಧಾರವಾಡದಲ್ಲಿ ಕಾಲೇಜಿದೆ, ಅಲ್ಲಿ ಮುಗಿಸಿದರಾಯಿತು ಎಂದು ನಮ್ಮವರು ಹೇಳಿದರು. ಅತ್ತೆ ನನಗೆ ಹಾಡು ಬರುತ್ತದೆಯೇ, ರಂಗೋಲಿ ಬರುತ್ತದೆಯೇ ಎಂದು ಏನೂ ಕೇಳಲಿಲ್ಲ. ಇನ್ನೆಷ್ಟು ಓದಿದರೆ ಮುಗಿಯುತ್ತದೆ ಎಂದು ಕೇಳಿದರು. ಒಂದು ವರ್ಷ ಅಂದೆ. ಒಂದು ವರ್ಷ ಏನು ದೊಡ್ಡದು ಎಂಬಂತೆ ತಲೆಯಾಡಿಸಿದರು.

ಆ ಒಂದು ವರ್ಷ ಎರಡಾಗಬಹುದು ಎಂದು ಗೊತ್ತಾದದ್ದು ಸಂಕ್ರಾಂತಿಯಾದ ಮೇಲೆ. ಜೂನ್ ತಿಂಗಳಲ್ಲಿ ಕಾಲೇಜಿಗೆ ಸೇರಬೇಕಾದರೆ ಹೊಸ ವಿಶ್ವವಿದ್ಯಾಲಯ ಹಳೆಯದರ ಓದನ್ನು ಒಪ್ಪಬೇಕು, ಅದನ್ನು ಮೊದಲೇ ವಿಚಾರಿಸಿ ಬರೋಣ ಎಂದು ನಮ್ಮವರು ನನ್ನನ್ನು ಧಾರವಾಡಕ್ಕೆ ಕರೆದುಕೊಂಡು ಹೋದರು. ಗದಗಿನವರೆಗೆ ಬಸ್ಸು, ಮುಂದೆ ರೈಲು. ಕಚೇರಿಯಲ್ಲಿ ನಮ್ಮ ಕಾಗದಗಳನ್ನು ನೋಡಿದವರು ವಯಸ್ಸಾದ ಅಧಿಕಾರಿ, ಒಳ್ಳೆಯ ಮನುಷ್ಯ. ನನ್ನನ್ನೂ ಕುರ್ಚಿಯ ಮೇಲೆ ಕೂಡಿಸಿ, ಪ್ರತಿಯೊಂದು ವಿಷಯವನ್ನೂ ತಮ್ಮ ನಿಯಮದ ಪುಸ್ತಕಕ್ಕೆ ಹೋಲಿಸಿ ನೋಡಿದರು. ಇಂಟರಿಗೆ ಏನೂ ತಕರಾರಿಲ್ಲ ಅಂದರು. ಬಿ.ಎ. ಮೊದಲ ವರ್ಷದ ಇತಿಹಾಸ, ಅರ್ಥಶಾಸ್ತ್ರ ಎಲ್ಲ ಹೊಂದುತ್ತವೆ ಅಂದರು. ಆಮೇಲೆ ಒಂದು ಕಡೆ ಬೆರಳಿಟ್ಟು ನಿಂತರು. ನಾನು ಎರಡನೆಯ ಭಾಷೆಯಾಗಿ ಉರ್ದು ತೆಗೆದುಕೊಂಡಿದ್ದೆ. ನಾನು ಸೇರಬೇಕೆಂದಿದ್ದ ಕಾಲೇಜಿನಲ್ಲಿ ಉರ್ದು ಇರಲಿಲ್ಲ.

“ಮನ್ಯಾಗ ಯಾವ ಭಾಷಾ ಮಾತಾಡ್ತೀರಿ?” ಎಂದು ಕೇಳಿದರು.

“ಕನ್ನಡರಿ.”

“ಹಂಗಾರ ಚಿಂತಿ ಯಾಕ? ಏಪ್ರಿಲ್‌ದಾಗ ಕನ್ನಡದ್ದೊಂದು ಪೇಪರ್ ಕೊಡ್ರಿ. ಪಾಸಾದ್ರ ಹೈದರಾಬಾದಿನ ಆ ವರ್ಷ ಇಲ್ಲಿ ಹಿಡೀತೀವಿ. ಆಗಲಿಲ್ಲಂದ್ರ ಆ ವರ್ಷ ಮತ್ತ ಮೊದಲಿಂದ ಓದಬೇಕಾಗ್ತದ.”

ಹಳೆಯ ವಿಶ್ವವಿದ್ಯಾಲಯದಿಂದ ಮೈಗ್ರೇಶನ್ ಸರ್ಟಿಫಿಕೇಟನ್ನೂ ತರಿಸಿಕೊಳ್ಳಿ ಎಂದು ಹೇಳಿ, ನಗುತ್ತ ಕಳಿಸಿಕೊಟ್ಟರು. ನಮ್ಮವರೂ ನಗುತ್ತಲೇ ಹೊರಗೆ ಬಂದರು. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು, ಅಣ್ಣಿಗೇರಿ ದಾಟಿದ ಮೇಲೆ, ನನಗೆ ಕನ್ನಡ ಓದಲು ಬರುವುದಿಲ್ಲ ಎಂದು ಹೇಳಿದೆ.

ಅವರು ನಂಬಲಿಲ್ಲ. ನಾನು ಉರ್ದು ಸಾಲಿಯಲ್ಲಿ ಕಲಿತವಳು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ದಿನವಿಡೀ ಕನ್ನಡ ಮಾತಾಡುವವಳಿಗೆ ಅದರ ಅಕ್ಷರ ಬರುವುದಿಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಅಂಗಡಿಯ ಬೋರ್ಡಿನ ಮೇಲಿನ ಕೆಲವು ಅಕ್ಷರಗಳನ್ನು ಗುರುತಿಸುತ್ತಿದ್ದೆ, ಅಷ್ಟೆ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಎದುರಿಗೆ ಕೂತಿದ್ದ ಮುದುಕಿ ನಮ್ಮವರನ್ನು ದುರುಗುಟ್ಟಿ ನೋಡಿದಳು. ಅವರು ಗಾಬರಿಯಾಗಿ, ತಮ್ಮ ಕೈಯಲ್ಲಿದ್ದ ಶೇಂಗಾದ ಪೊಟ್ಟಣವನ್ನು ನನ್ನ ಉಡಿಯಲ್ಲಿಟ್ಟು, ನಾನೇ ಕಲಿಸುತ್ತೇನೆ, ಅದೇನು ಮಹಾ, ಅಂದರು.

ಮರುದಿನದಿಂದಲೇ ಪಾಠ ಶುರುವಾಯಿತು. ಅವರು ಸಾಲಿಯಿಂದ ಬಂದು, ಕೈಕಾಲು ತೊಳೆದು, ಚಹಾ ಕುಡಿದು ಕೂಡುತ್ತಿದ್ದರು. ಒಳ್ಳೆಯ ಮಾಸ್ತರರೆಂದು ಊರಲ್ಲಿ ಹೆಸರಿತ್ತು. ಆದರೆ ಸಂಜೆಯ ಹೊತ್ತಿಗೆ ಅವರ ತಾಳ್ಮೆ ಅಷ್ಟನ್ನೂ ಮಕ್ಕಳು ಖರ್ಚು ಮಾಡಿ ಮುಗಿಸಿರುತ್ತಿದ್ದರು. ನನ್ನ ಕೈಯೂ ಮಾತು ಕೇಳುತ್ತಿರಲಿಲ್ಲ. ಉರ್ದು ಬರೆದು ಪಳಗಿದ್ದರಿಂದ, ಎಷ್ಟು ಜಾಗ್ರತೆಯಾಗಿದ್ದರೂ ಬಲಗಡೆಯ ಅಂಚಿನಿಂದಲೇ ಶುರು ಮಾಡುತ್ತಿತ್ತು. ಒತ್ತಕ್ಷರ ಅಕ್ಷರದ ಕೆಳಗೆ ಬರುತ್ತದೋ ಪಕ್ಕಕ್ಕೆ ಬರುತ್ತದೋ ನೆನಪಿರುತ್ತಿರಲಿಲ್ಲ. ಒಂದು ಸಂಜೆ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡಿದೆ. ಅವರು ಗೆರೆ ಎಳೆಯುವ ಪಟ್ಟಿಯನ್ನು ಕೈಗೆತ್ತಿಕೊಂಡು, ಅಭ್ಯಾಸಬಲದಿಂದ, “ಕೈ ಮುಂದ ಮಾಡು” ಅಂದುಬಿಟ್ಟರು.

ನಾನು ಕೈ ಮುಂದೆ ಮಾಡಿಯೂ ಬಿಟ್ಟೆ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರ ಕಿವಿ ಕೆಂಪಾಯಿತು. ನಾನು ನಕ್ಕೆ, ನಗು ನಿಲ್ಲಲೇ ಇಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಸಪ್ಪಳ ನಿಲ್ಲಿಸಿ ಬಾಗಿಲಿಗೆ ಬಂದರು.

“ಗಂಡ ಹೆಂಡ್ತಿಗಿ ಕಲಸೂದು ಆಗೂ ಮಾತಲ್ಲ,” ಅಂದರು. “ನಮ್ಮಣ್ಣನ ಕಡೆ ಹೋಗೋಣ ನಡೀಯವ್ವಾ.”

ಅತ್ತೆಯ ತವರು ನರಗುಂದ. ಅವರ ಅಣ್ಣ, ವರಸೆಯಲ್ಲಿ ನನಗೂ ಮಾವ, ಕನ್ನಡ ಸಾಲಿಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ನಮ್ಮವರು ತಮ್ಮ ಊಟದ ಗತಿ ಏನು ಎಂದು ಕೇಳಿದರು. ಅನ್ನ ಮಾಡುವುದನ್ನು ಕಲಿ, ರೊಟ್ಟಿಯನ್ನು ಪಕ್ಕದ ಮನೆಯವರು ಕೊಡುತ್ತಾರೆ ಎಂದು ಅತ್ತೆ ಹೇಳಿದರು. ಹೀಗೆ ಸೊಸೆಯನ್ನು ಓದಿಸುವುದಕ್ಕೆಂದು ಅತ್ತೆ ತವರಿಗೆ ಹೊರಟರು. ಬಸ್ಸಿನಲ್ಲಿ ಗುರುತಿನವರು ಸಿಕ್ಕು ಏನು ವಿಶೇಷ ಎಂದು ಕೇಳಿದಾಗ ಅದನ್ನೇ ಹೇಳಿದರು. ಕೇಳಿದವರು ನನ್ನ ಹೊಟ್ಟೆಯ ಕಡೆ ನೋಡಿ, ಬೇರೆ ಏನೋ ಇರಬೇಕು ಎಂದುಕೊಂಡು ಸುಮ್ಮನಾದರು.

ಮಾವನವರ ಮನೆ ಗುಡ್ಡದ ಬುಡದಲ್ಲಿತ್ತು. ಮಕ್ಕಳು, ಮೊಮ್ಮಕ್ಕಳು, ದನಗಳು ತುಂಬಿದ ಮನೆ. ಅವರು ತೆಳ್ಳಗಿನ ಮನುಷ್ಯ, ಧ್ವನಿ ಮಾತ್ರ ದೊಡ್ಡದು. ಮೊದಲ ದಿನ ಅ, ಆ ಬರೆಸಲಿಲ್ಲ. ಹೈದರಾಬಾದಿನ ನಿಮ್ಮ ಓಣಿಯ ಬಗ್ಗೆ ಏನಾದರೂ ಹೇಳು ಅಂದರು. ನಾನು ನಮ್ಮ ಮನೆಯ ಮುಂದಿನ ಬೇವಿನ ಮರ, ಅದರ ಕೆಳಗೆ ಬಳೆ ಮಾರುತ್ತಿದ್ದ ಹೆಂಗಸು, ಅವಳು ಬಿಸಿಲಿಗೆ ಹಿಡಿದು ತೋರಿಸುತ್ತಿದ್ದ ಹರಳಿನ ಬಳೆಗಳು, ಇವನ್ನು ಹೇಳಿದೆ. ಅವರು ನಾನು ಹೇಳಿದ ಹಾಗೆಯೇ ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಮುಂದೆ ಇಟ್ಟರು.

“ಇವು ನಿನ್ನ ಮಾತ, ತಂಗಿ. ಏನಂದಿದ್ದಿ ಅಂತ ನಿನಗ ಗೊತ್ತದ. ಈಗ ಓದು.”

ಮೊದಲ ಸಾಲು ಓದಿದೆ. ಬೇವಿನ ಮರ ಎಂಬಲ್ಲಿ ಬೇವಿನ ಮರವೇ ಇತ್ತು. ಬಳೆ ಎಂಬಲ್ಲಿ ಬಳೆ. ಗೊತ್ತಿದ್ದವರ ಮನೆಗೆ ಕತ್ತಲಲ್ಲಿ ಹೋದರೂ ಕಂಬ, ಹೊಸ್ತಿಲು ಕೈಗೆ ತಾನಾಗಿ ಸಿಗುವಂತೆ ಅಕ್ಷರಗಳು ಸಿಕ್ಕವು. ನಾನು ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತಿಗೆ ಒಂದು ಮುಖ ಇದೆ, ಅದು ಹೀಗಿದೆ ಎಂದು ತಿಳಿದದ್ದು ಆವತ್ತು.

ದಿನಾಲು ಬೆಳಿಗ್ಗೆ ಕಟ್ಟೆಯ ಮೇಲೆ ಪಾಠ. ಹೊಲದಲ್ಲಿ ಬಿಳಿಜೋಳ ಕಾಳುಗಟ್ಟಿತ್ತು. ಯಾರಾದರೂ ಹಸಿ ತೆನೆ ಸುಟ್ಟು ಸೀತನಿ ತಂದರೆ ಪಾಠ ಅಲ್ಲಿಗೆ ನಿಲ್ಲುತ್ತಿತ್ತು, ಕೈ ಉಜ್ಜಿ ಊದಿ ತಿಂದು ಮತ್ತೆ ಮುಂದುವರಿಯುತ್ತಿತ್ತು. ಅತ್ತೆ ಮೊರದಲ್ಲಿ ಕಾಳು ಹಸನು ಮಾಡುತ್ತ ಹತ್ತಿರವೇ ಕೂಡುತ್ತಿದ್ದರು. ಪರೀಕ್ಷೆಗೆ ಕೆಲವು ಹಳಗನ್ನಡದ ಪದ್ಯಗಳಿದ್ದವು. ಮಾವ ಅವನ್ನು ರಾಗ ಮಾಡಿ ಓದುವಾಗ ಅತ್ತೆಯ ಕೈ ಮೊರದ ಮೇಲೆ ನಿಂತುಬಿಡುತ್ತಿತ್ತು. ಅರ್ಥ ಹೇಳುವಾಗ ನನಗಿಂತ ಮೊದಲು ಅವರೇ ಹೂಂಗುಡುತ್ತಿದ್ದರು. ಅವರು ಇದೇ ಊರಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿ, ಲಗ್ನವಾಯಿತೆಂದು ಬಿಟ್ಟವರು. ಅಚ್ಚಿನ ಅಕ್ಷರವನ್ನು ನಿಧಾನವಾಗಿ ಓದುತ್ತಿದ್ದರು. ಬರೆಯುವುದು ಮಾತ್ರ ಅಷ್ಟು ವರ್ಷಗಳಲ್ಲಿ ಕೈಬಿಟ್ಟು ಹೋಗಿತ್ತು.

ಒಂದು ಬೆಳಿಗ್ಗೆ, ಮಾವ ನನಗೆ ಶುದ್ಧಬರಹ ಹೇಳಲು ಪುಸ್ತಕ ತೆಗೆದಾಗ, ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು.

“ಅಣ್ಣಾ, ನನಗೂ ಒಂದು ಪಾಟಿ ಕೊಡು.”

ಮಾವ ತಂಗಿಯ ಮುಖ ನೋಡಿದರು. ಚೇಷ್ಟೆ ಮಾಡುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಎದ್ದು ಒಳಗೆ ಹೋಗಿ, ಮೊಮ್ಮಗನ ಪಾಟಿಯನ್ನು ಧೋತರದ ಚುಂಗಿನಿಂದ ಒರೆಸಿ ತಂದುಕೊಟ್ಟರು. ಆಮೇಲೆ ಶುದ್ಧಬರಹ ಹೇಳುವಾಗ ಅವರ ದೊಡ್ಡ ಧ್ವನಿ ಇಳಿದಿತ್ತು. ಒಂದೊಂದು ಶಬ್ದವನ್ನೂ ಬಿಡಿಸಿ ಹೇಳಿ, ಇಬ್ಬರೂ ಬರೆಯುವ ತನಕ ಕಾಯುತ್ತಿದ್ದರು.

ಅಂದಿನಿಂದ ನಾವಿಬ್ಬರೂ ಪಕ್ಕಪಕ್ಕದಲ್ಲಿ ಕೂತು ಬರೆದೆವು. ನನ್ನ ಳಕಾರ ತಪ್ಪುತ್ತಿತ್ತು, ಅವರ ದೀರ್ಘ ತಪ್ಪುತ್ತಿತ್ತು. ಮಧ್ಯಾಹ್ನ ಮನೆಯವರು ಮಲಗಿದಾಗ ಒಬ್ಬರ ಪಾಟಿ ಒಬ್ಬರು ತಿದ್ದುತ್ತಿದ್ದೆವು. ಅತ್ತೆಯ ಎದುರು ತಲೆಯೆತ್ತಿ ಮಾತಾಡಲು ನನಗೆ ಆ ತನಕ ಅಂಜಿಕೆಯಿತ್ತು. ಬಳಪ ಹಿಡಿದ ಅವರ ದಪ್ಪ ಬೆರಳನ್ನು ನನ್ನ ಕೈಯಿಂದ ಹಿಡಿದು ಅಕ್ಷರ ತಿರುಗಿಸುವಾಗ ಅಂಜಿಕೆ ಎಲ್ಲಿ ಉಳಿಯಬೇಕು? ನರಗುಂದ ಬಿಡುವ ಮೊದಲು ಅವರು ಮಗನಿಗೆ ಒಂದು ಕಾರ್ಡು ಬರೆದರು. ಅಕ್ಷರಗಳು ನಿಂಬೆಹಣ್ಣಿನಷ್ಟು ದೊಡ್ಡವಾದ್ದರಿಂದ ಹೆಚ್ಚು ಹಿಡಿಸಲಿಲ್ಲ. ಹಾಲು ಕಾಸಿ ಮುಚ್ಚಿಡು, ಬೆಕ್ಕು ಬರುತ್ತದೆ, ನಾವು ಆರಾಮ ಇದ್ದೇವೆ, ಇಷ್ಟೇ. ಅದನ್ನು ನಮ್ಮವರು ತಮ್ಮ ಸಾಲಿಯ ಮಾಸ್ತರರಿಗೆಲ್ಲ ತೋರಿಸಿದರೆಂದು ಆಮೇಲೆ ಕೇಳಿದೆ.

ಇನ್ನು ಹೈದರಾಬಾದಿನ ಸರ್ಟಿಫಿಕೇಟು ಬರಬೇಕಾಗಿತ್ತು. ಅದನ್ನು ಅಪ್ಪ ಟಪಾಲಿಗೆ ಹಾಕಲು ಒಪ್ಪಲಿಲ್ಲ, ರಜೆ ತೆಗೆದುಕೊಂಡು ತಾವೇ ತಂದರು. ಗಜೇಂದ್ರಗಡದಲ್ಲಿ ನಮ್ಮ ದೂರದ ಸಂಬಂಧಿಕರ ಮನೆಯಿತ್ತು. ಅಪ್ಪ ಅಲ್ಲಿ ಇಳಿದುಕೊಂಡಿದ್ದರಿಂದ ನಾನು, ನಮ್ಮವರು ಅಲ್ಲಿಗೆ ಹೋದೆವು. ಪಕ್ಕದ ಮನೆಯಲ್ಲಿ ಸೀರೆ ನೇಯುತ್ತಿದ್ದರು, ಮಗ್ಗದ ಸಪ್ಪಳ ಗೋಡೆಯಾಚೆಯಿಂದ ಒಂದೇ ಸಮನೆ ಬರುತ್ತಿತ್ತು. ಅಪ್ಪ ಪ್ರಯಾಣದಿಂದ ಕಂದಿದ್ದರು. ಕೋಟಿನ ಒಳಜೇಬಿನಿಂದ ಲಕೋಟೆ ತೆಗೆದು, ಮೂಲೆ ಮಡಚಿಲ್ಲವೆಂದು ನೋಡಿಕೊಂಡು ನಮ್ಮವರ ಕೈಗೆ ಕೊಟ್ಟರು. ಕನ್ನಡದ ಪೇಪರಿನ ಸಂಗತಿ ಅವರಿಗೆ ನಮ್ಮವರ ಪತ್ರದಿಂದ ತಿಳಿದಿತ್ತು. ಊಟವಾಗಿ ನಾವಿಬ್ಬರೇ ಪಡಸಾಲೆಯಲ್ಲಿ ಉಳಿದಾಗ ಅವರು ಹೇಳಿದರು:

“ಉರ್ದು ಬಂದ್ರ ನೌಕರಿ ಅಂತಿದ್ರವ್ವಾ ಆಗ. ಮನ್ಯಾಗ ನಾನರ ನಿನಗ ನಾಕು ಅಕ್ಷರ ಕಲಸಬಹುದಿತ್ತು. ನಾಳೆ ನಾಳೆ ಅಂದ್ಕೊಂತ ಉಳದ ಹೋತು.”

“ಆ ಉರ್ದುನ ನನ್ನ ಇಲ್ಲೀ ತನಕ ತಂದದಪ್ಪಾ,” ಅಂದೆ. “ಕನ್ನಡ ಈಗ ಬರ್ತದ.”

ಖರೇ ಬರುತ್ತದೆಯೇ ಎಂದು ಕೇಳಿದರು. ನಾನು ಅಲ್ಲೇ ಬಿದ್ದಿದ್ದ ಹಳೆಯ ಕನ್ನಡ ಪತ್ರಿಕೆಯನ್ನು ಎತ್ತಿಕೊಂಡು ಓದಿದೆ. ಎಲ್ಲೋ ಹತ್ತಿಯ ಧಾರಣೆಯ ಸುದ್ದಿ. ಅಪ್ಪ ಕಣ್ಣು ಮುಚ್ಚಿಕೊಂಡು, ಅದು ಮುಗಿದ ಮೇಲೂ ಮುಂದೆ ಓದು ಅಂದರು. ಇಡೀ ಪುಟ ಓದಿದೆ.

ಏಪ್ರಿಲ್ ಪರೀಕ್ಷೆಯ ದಿನ ನಾನು ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದು ಮುಗಿಸಲಿಲ್ಲ. ನನ್ನ ಕೈ ಇನ್ನೂ ನಿಧಾನ. ಪ್ರಬಂಧವನ್ನು ಅರ್ಧಕ್ಕೆ ಬಿಟ್ಟು ಬಂದು, ಹೊರಗೆ ಕಾಯುತ್ತಿದ್ದ ನಮ್ಮವರಿಗೆ ಪಾಸಾಗಲಿಕ್ಕಿಲ್ಲ ಎಂದೆ. ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಅತ್ತೆ ಮಾತ್ರ ಒಮ್ಮೆ, ಹಪ್ಪಳ ಒತ್ತುತ್ತ, ಎರಡು ವರ್ಷ ಓದಬೇಕಾದರೂ ಓದು, ಅವಸರ ಯಾರಿಗಿದೆ, ಅಂದರು. ಅಷ್ಟು ಕೇಳಿದ ಮೇಲೆ ನನಗೆ ನಿದ್ದೆ ಬರತೊಡಗಿತು.

ಪಾಸಾಗಿದ್ದೆ. ಹೆಚ್ಚಿನ ಅಂಕಗಳೇನಲ್ಲ, ದಾಟುವಷ್ಟು. ಧಾರವಾಡದ ಆ ಅಧಿಕಾರಿ ಮಾತಿಗೆ ತಪ್ಪಲಿಲ್ಲ, ಹೈದರಾಬಾದಿನ ನನ್ನ ವರ್ಷವನ್ನು ಪೂರ್ತಿಯಾಗಿ ಹಿಡಿದರು. ಜೂನ್ ತಿಂಗಳಲ್ಲಿ ಅತ್ತೆ, ನಮ್ಮವರು ಇಬ್ಬರೂ ಬಂದು ನನ್ನನ್ನು ಹೆಣ್ಣುಮಕ್ಕಳ ವಸತಿಗೃಹದಲ್ಲಿ ಬಿಟ್ಟರು. ಅತ್ತೆ ಅಡುಗೆಮನೆಯವರೆಗೂ ಹೋಗಿ, ಇಲ್ಲಿ ರೊಟ್ಟಿ ಮಾಡುತ್ತಾರೋ ಇಲ್ಲವೋ ಎಂದು ವಿಚಾರಿಸಿಕೊಂಡು ಬಂದರು. ಹೊರಡುವಾಗ ನನ್ನ ತಲೆ ನೇವರಿಸಿ, ನೆಟಿಗೆ ಮುರಿದು, ಹಿಂದೆ ನೋಡದೆ ಹೋದರು.

ಮಳೆ ಜಿನುಗುತ್ತಿತ್ತು. ಕೋಣೆಯ ಹುಡುಗಿಯರು ತಮ್ಮ ತಮ್ಮ ಟ್ರಂಕು ಬಿಚ್ಚುತ್ತ, ಮನೆ ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೂ ಅಳು ಬಂತು. ನಿನಗೂ ಅವ್ವನ ನೆನಪಾಯಿತೇ ಎಂದು ಪಕ್ಕದವಳು ಕೇಳಿದಳು. ಹೌದು ಅಂದೆ. ನನಗೆ ನೆನಪಾಗಿದ್ದು ಅತ್ತೆ.