ಗೋಡೆಗೆ ಅಂಟಿಸಿದ ಲೆಕ್ಕ

ಶಿಕಾರಿಪುರದ ಸಬಿಹಾಗೆ ಮತ್ತು ಅವಳ ಜೊತೆ ದುಡಿದ ಏಳು ಹೆಂಗಸರಿಗೆ ಹೊರದೇಶದ ಕಂಪನಿಯೊಂದು ಎರಡು ತಿಂಗಳ ಕೂಲಿ ಕೊಡಬೇಕು. ಇವತ್ತಿಗೂ ಕೊಟ್ಟಿಲ್ಲ. ಹೋಗಿ ಕೇಳೋಣವೆಂದರೆ ಅದಕ್ಕೆ ಗೇಟಿಲ್ಲ, ಬಾಗಿಲಿಲ್ಲ, ಧಿಕ್ಕಾರ ಕೂಗಲು ಕೂರುವುದಕ್ಕೊಂದು ಮೆಟ್ಟಿಲೂ ಇಲ್ಲ. ಮೆಸೇಜು ಹಾಕಿದರೆ ‘ನಿಮ್ಮ ತಾಳ್ಮೆಗೆ ಧನ್ಯವಾದ’ ಎಂದು ಬರುತ್ತದೆ. ಇವರಿಗೆ ತಾಳ್ಮೆ ಕೊಟ್ಟವರ‍್ಯಾರು?

ಸಬಿಹಾ ಗಾದಿ ಅಮೀರ್ ಜಾನ್ ಮಗಳು. ಪೇಟೆಯಲ್ಲಿ ಹಾಸಿಗೆ, ದಿಂಬು ಮಾಡುವ ಅಂಗಡಿ ಅವರದು. ಹತ್ತನೇ ಕ್ಲಾಸು ಮುಗಿಸಿ ದಿಂಬಿನ ಚೀಲ ಹೊಲಿದಳು. ಮದುವೆಯಾಯಿತು, ಗಂಡ ಸತ್ತ, ತವರಿಗೆ ಬಂದು ಮತ್ತೆ ದಿಂಬಿನ ಚೀಲ ಹೊಲಿದಳು. ಮೂವತ್ತೈದು ವರ್ಷದ ಬದುಕು ಇಷ್ಟರಲ್ಲಿ ಮುಗಿಯುತ್ತದೆ. ಅಯ್ಯೋ ಪಾಪ ಅನ್ನಬೇಡಿ, ಅವಳಿಗೆ ಸೇರುವುದಿಲ್ಲ.

ಕಂಪನಿಯ ಕೆಲಸವೆಂದರೆ ಕನ್ನಡ ವಾಕ್ಯಗಳನ್ನು ಫೋನಿಗೆ ಓದಿ ಹೇಳುವುದು. ಯಂತ್ರಕ್ಕೆ ಮಾತು ಕಲಿಸುತ್ತಾರಂತೆ. ಹಿಂದೆ ಸ್ಕೂಟರಿನ ಸದ್ದೋ ಮಿಕ್ಸಿಯ ಸದ್ದೋ ಕೇಳಿದರೆ ಆ ವಾಕ್ಯಕ್ಕೆ ಕಾಸಿಲ್ಲ. ಪೇಟೆಯಲ್ಲಿ ಸದ್ದು ನುಗ್ಗದ ಜಾಗ ಒಂದೇ, ಅಮೀರ್ ಜಾನ್ ಹತ್ತಿ ತುಂಬಿಡುವ ಹಿಂದಿನ ಕೋಣೆ. ನಾಲ್ಕೂ ಗೋಡೆಗೆ ಸೂರಿನವರೆಗೆ ಮೂಟೆ. ಹೆಂಗಸರು ಸರದಿ ಮೇಲೆ ಒಳಗೆ ಹೋಗಿ, ಮೂಗು ಹಿಂಡಿಕೊಂಡು ಸೀನು ತಡೆದು ಓದುತ್ತಿದ್ದರು.

‘ಏನ್ ಓದಿದ್ಯೇ ಇವತ್ತು?’

‘ದಯವಿಟ್ಟು ನನ್ನ ವಿಮಾನದ ಟಿಕೆಟ್ ರದ್ದು ಮಾಡಿ ಅಂತ.’

‘ವಿಮಾನದ ಬಾಲ ಕಂಡಿಲ್ಲ, ರದ್ದು ಮಾಡ್ಸಕ್ಕೆ ಹೊಂಟ್ಲು ನೋಡು!’

ಕೂಲಿ ಬರುತ್ತಿದ್ದದ್ದು ಕ್ರಿಪ್ಟೋದಲ್ಲಿ, ಅಂದರೆ ಫೋನಿನಲ್ಲೇ ಇರುವ, ಕೈಗೆ ಸಿಗದ ದುಡ್ಡಿನಲ್ಲಿ. ಒಂದು ಡಾಲರಿಗೆ ಒಂದು ಎಂದು ಲೆಕ್ಕವಿರುವ ಕಾಯಿನ್. ಚಿಲ್ಲರೆ ಮೊತ್ತವನ್ನು ಬ್ಯಾಂಕಿನಲ್ಲಿ ಕಳಿಸಿದರೆ ಖರ್ಚೇ ನುಂಗುತ್ತದೆ ಎಂದು ಕಂಪನಿಯ ನೆವ. ಎಲ್ಲರ ಕೂಲಿಯೂ ಸಬಿಹಾಳ ಫೋನಿನ ಒಂದೇ ವಿಳಾಸಕ್ಕೆ ಬರುತ್ತಿತ್ತು. ವಿಳಾಸವೆಂದರೆ ಬೀದಿ, ಮನೆ ನಂಬರ್ ಅಲ್ಲ. ಅಕ್ಷರ ಅಂಕಿಗಳ ಉದ್ದನೆಯ ಒಂದು ಸಾಲು, ಅದಕ್ಕೊಂದು ಕ್ಯೂಆರ್ ಚೌಕ. ಅಲ್ಲಿಂದ ಅವಳು ಒಬ್ಬೊಬ್ಬರ ವಿಳಾಸಕ್ಕೆ ಹಂಚುತ್ತಿದ್ದಳು. ಅವರು ಮೊಬೈಲ್ ಅಂಗಡಿಯಲ್ಲಿ ಕಾಯಿನ್ ಕೊಟ್ಟು ನೋಟು ತರುತ್ತಿದ್ದರು.

ಆ ಏಳು ಜನರಲ್ಲಿ ಗಂಗಾಶ್ರೀ ಒಬ್ಬಳು. ತಾಳಗುಂದದ ಕಡೆಯವಳು. ಗಂಡ ಚನ್ನೇಶ್ ಮೆಕ್ಕೆಜೋಳದ ದಲ್ಲಾಳಿ. ಅವಳ ಎಡಗೈ ಮುರಿದಿದ್ದ. ಬಲಗೈಗೂ ಬರುವ ಮೊದಲು ಅವಳು ಓಡಿಹೋದಳು. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ರಾಜೇಶ್ವರಮ್ಮ ಎಂಬ ನಿವೃತ್ತ ಅಂಗನವಾಡಿ ಟೀಚರ್ ಜಾಗ ಕೊಟ್ಟರು. ಗಂಗಾಶ್ರೀ ಅಲ್ಲಿಂದಲೂ, ಸದ್ದು ಬಾರದಂತೆ ಕಂಬಳಿ ಮುಸುಕು ಹಾಕಿಕೊಂಡು, ಓದಿ ಕಳಿಸುತ್ತಿದ್ದಳು. ಸೊರಬದ ಬಸ್‌ಸ್ಟ್ಯಾಂಡ್ ಹತ್ತಿರದ ಮಾಳೇಶನ ಮೊಬೈಲ್ ಅಂಗಡಿಯಲ್ಲಿ ಕಾಯಿನ್ ಕೊಟ್ಟು ನೋಟು ಮಾಡಿಕೊಳ್ಳುತ್ತಿದ್ದಳು. ಅವಳು ಎಲ್ಲಿದ್ದಾಳೆಂದು ಈ ಕಡೆ ಗೊತ್ತಿದ್ದದ್ದು ಸಬಿಹಾ ಒಬ್ಬಳಿಗೆ.

ಅಷ್ಟರಲ್ಲಿ ಕೂಲಿ ನಿಂತಿತು. ಮೊದಮೊದಲು ಎಲ್ಲರೂ ಕಂಪನಿಯನ್ನು ಬೈದರು. ಕಂಪನಿಗೆ ಬೈಗುಳ ತಾಗುವುದಿಲ್ಲ, ಹಾಗಾಗಿ ತಾಗುವವಳನ್ನು ಹುಡುಕಿದರು.

‘ಅವರಪ್ಪ ಗಾದಿಗೆ ಹತ್ತಿ ಕಮ್ಮಿ ತುಂಬ್ತಾನೆ ಅಂತ ಕೇಳಿದ್ದೆ. ಮಗಳು ಏನು ಕಮ್ಮಿ ಮಾಡಿದ್ಲೋ’ ಎಂದಳು ವರದಮ್ಮ. ಅವಳೂ ಏಳರಲ್ಲಿ ಒಬ್ಬಳು. ಬಾಯಿ ದೊಡ್ಡದು, ಮನೆಯ ಪಾತ್ರೆ ಖಾಲಿ. ಅವಳನ್ನೂ ದೂರುವಂತಿಲ್ಲ.

ಸಬಿಹಾ ಸ್ತ್ರೀಶಕ್ತಿ ಸಂಘದಲ್ಲಿ ಬೆಳೆದವಳು. ತಿಂಗಳ ಸಭೆಯಲ್ಲಿ ಹಣದ ಪೆಟ್ಟಿಗೆಯನ್ನು ಚಾಪೆಯ ನಡುವೆ ಇಟ್ಟು, ಯಾರು ಕಟ್ಟಿದರು, ಯಾರು ಸಾಲ ಎತ್ತಿದರು ಎಂದು ಗಟ್ಟಿಯಾಗಿ ಓದುವುದು ಅಲ್ಲಿಯ ರೂಢಿ. ಓದಿದ ಲೆಕ್ಕ ಸಾಚಾ, ಮುಚ್ಚಿದ ಲೆಕ್ಕ ಕಳ್ಳ. ಕಾಯಿನ್ನಿನ ಲೆಕ್ಕ ಬಯಲಿನದು, ವಿಳಾಸ ಗೊತ್ತಿದ್ದರೆ ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು ಎಂಬುದೂ ಅವಳಿಗೆ ತಿಳಿದಿತ್ತು. ತನ್ನ ಕ್ಯೂಆರ್ ಪ್ರಿಂಟ್ ಹಾಕಿಸಿ ಅಂಗಡಿಯ ಗೋಡೆಗೆ ಅಂಟಿಸಿದಳು. ಕೆಳಗೆ ಕೈಬರಹದಲ್ಲಿ: ‘ಇದು ನಮ್ಮ ಕೂಲಿ ಬರುವ ವಿಳಾಸ. ಯಾರು ಬೇಕಾದರೂ ನೋಡಿ. ದುಡ್ಡು ಬಂದಿಲ್ಲ. ಸಬಿಹಾ.’ ವರದಮ್ಮ ಫೋಟೋ ಹೊಡೆದು ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದಳು. ನೋಡಿದವರು ‘ಹೌದು ಕಣವ್ವ, ಬಂದಿಲ್ಲ’ ಅಂದರು. ಸಬಿಹಾಳ ಹೆಸರು ಉಳಿಯಿತು.

ಆದರೆ ಬಂದಿಲ್ಲವೆಂದು ತೋರಿಸುವ ಪುಟವೇ, ಹಿಂದೆ ಬಂದದ್ದೆಲ್ಲ ಎಲ್ಲಿಗೆ ಹೋಯಿತೆಂದೂ ತೋರಿಸುತ್ತದೆ. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ. ಏಳು ಸಾಲು ಹೊರಗೆ ಹರಿದಿದ್ದವು. ಆರು ಸಾಲು ಶಿಕಾರಿಪುರದ ಒಂದೇ ಮೊಬೈಲ್ ಅಂಗಡಿಗೆ ಹೋಗಿ ನಿಂತಿದ್ದವು. ಏಳನೆಯದು ಇನ್ನೊಂದು ವಿಳಾಸಕ್ಕೆ. ಅದು ಮಾಳೇಶನದು. ಗಿರಾಕಿ ಬರಲೆಂದು ಅವನು ತನ್ನ ಕ್ಯೂಆರನ್ನು ಅಂಗಡಿಯ ಗಾಜಿಗೂ ಹಚ್ಚಿದ್ದ, ಊರಿನ ಹೆಸರು ಬರೆದು ಸ್ಟೇಟಸ್ಸಿಗೂ ಹಾಕಿದ್ದ.

ಒಂದು ಮಧ್ಯಾಹ್ನ ಚನ್ನೇಶ್ ಗಾದಿ ಅಂಗಡಿಗೆ ಬಂದ.

‘ಏನ್ರೀ ಸಾಬ್ರೇ, ವ್ಯಾಪಾರ ಸೊರಬಕ್ಕೂ ಹಬ್ಬಿಸೀರಂತೆ?’

‘ಇಲ್ಲಪ್ಪ. ನಿದ್ದೆ ಬರ‍್ದೇ ಇರೋರು ಇಲ್ಲೇ ಬಾಳ ಮಂದಿ ಅದಾರೆ’ ಎಂದರು ಅಮೀರ್ ಜಾನ್.

ಚನ್ನೇಶ್ ನಕ್ಕು ಫೋನನ್ನು ಸಬಿಹಾ ಕಡೆ ತಿರುಗಿಸಿದ. ‘ನೀನೇ ಗೋಡೆಗೆ ಹಚ್ಚೀಯಲ್ಲವ್ವ, ಯಾರು ಬೇಕಾದ್ರೂ ನೋಡ್ರಿ ಅಂತ. ನೋಡ್ದೆ. ಆರು ಜನ ಇಲ್ಲೇ ರೊಕ್ಕ ಮಾಡ್ಕೊಂಡಾರೆ. ಒಬ್ಬಳು ಸೊರಬದಾಗೆ. ಯಾರವ್ವ ಅವಳು?’

‘ನಂಗೇನ್ ಗೊತ್ತು?’

‘ಕೂಲಿ ಕಳ್ಸೋಳಿಗೇ ಗೊತ್ತಿಲ್ಲ! ಇರ‍್ಲಿ ಬಿಡು. ಆ ಅಂಗಡಿ ಎದುರಿಗೆ ಒಂದು ಚಾ ಅಂಗಡಿ ಐತಿ. ಹೋಗಿ ಕೂತ್ಕೋತೀನಿ.’

ಅವನ ಬೈಕಿನ ಸದ್ದು ದೂರವಾದ ಮೇಲೆ ಸಬಿಹಾ ಹತ್ತಿಯ ಕೋಣೆಗೆ ಹೋಗಿ ಫೋನ್ ಮಾಡಿದಳು.

‘ಗಂಗಾ, ಎಲ್ಲಿದೀಯ?’

‘ಬಸ್ಸಲ್ಲಿ ಅಕ್ಕಾ. ಸ್ವಲ್ಪ ಹಳೇ ಕಾಯಿನ್ ಉಳಿದಿತ್ತಲ್ಲ, ಮಾಳೇಶಣ್ಣನ ಹತ್ರ…’

‘ಇಳಿ.’

‘ಯಾಕಕ್ಕಾ?’

‘ಎಲ್ಲಿದ್ರೆ ಅಲ್ಲೇ ಇಳಿ. ಅವನು ಹೊರಟಾನೆ.’

ಅವಳು ನಡುದಾರಿಯಲ್ಲಿ ಇಳಿದು, ಗದ್ದೆ ಅಂಚಿನಲ್ಲಿ ನಡೆದು ಕುಪ್ಪಗಡ್ಡೆಗೆ ವಾಪಸಾದಳು. ಚನ್ನೇಶ್ ಚಾ ಅಂಗಡಿಯಲ್ಲಿ ಕೂತ. ಎಡಗೈ ಸೊಟ್ಟ ಇರುವ ಹೆಂಗಸು ಬರುತ್ತಾಳಾ ಎಂದು ಮಾಳೇಶನನ್ನು ಕೇಳಿದ. ‘ನಾ ಕೈ ನೋಡಲ್ಲ ಮಾರಾಯಾ, ಕಾಸು ನೋಡ್ತೀನಿ’ ಎಂದು ಮಾಳೇಶ ಸಾಗಹಾಕಿದ. ಚನ್ನೇಶ್ ಬಸ್ಸಿನ ಕಂಡಕ್ಟರುಗಳನ್ನು ಕೇಳಿದ, ಅಲ್ಲಿ ಸುಳಿವು ಸಿಕ್ಕಿತು. ಅವನು ರಾಜೇಶ್ವರಮ್ಮನ ಮನೆ ಬಾಗಿಲಿಗೆ ಬಂದ ದಿನ ಬೆಳಿಗ್ಗೆಯಷ್ಟೇ ಗಂಗಾಶ್ರೀ ಹೊರಟುಹೋಗಿದ್ದಳು.

‘ಒಳಗೆ ಹೋಗಿ ನೋಡ್ಕೋ’ ಎಂದರಂತೆ ರಾಜೇಶ್ವರಮ್ಮ, ‘ಚಪ್ಪಲಿ ಮಾತ್ರ ಹೊರಗೆ ಬಿಡು. ಸಗಣಿ ಸಾರಿಸೀನಿ, ಮನುಷ್ಯರು ಓಡಾಡೋ ಜಾಗ.’

ಎಲ್ಲಿಗೆ ಹೋದಳೆಂದು ಸಬಿಹಾಗೆ ಗೊತ್ತಿಲ್ಲ. ಫೋನಿನಲ್ಲಿ ಗಂಗಾಶ್ರೀ ಹೇಳಲು ಹೊರಟಾಗ ಇವಳೇ ತಡೆದಳು. ‘ಬೇಡ, ನಂಗೂ ಹೇಳ್ಬೇಡ.’ ಅವಳ ಜಾಡಿನ ಬಗ್ಗೆ ಇಲ್ಲಿ ನಾನು ಬರೆದದ್ದೆಲ್ಲ ಚನ್ನೇಶನಿಗೆ ಆಗಲೇ ತಿಳಿದಿರುವುದು. ಅವನಿಗೆ ತಿಳಿಯದ್ದನ್ನು ಬರೆದಿಲ್ಲ.

ಅವನು ಯಾವ ಬೀಗವನ್ನೂ ಒಡೆಯಲಿಲ್ಲ, ಯಾವ ಪಾಸ್‌ವರ್ಡನ್ನೂ ಕದಿಯಲಿಲ್ಲ. ದೂರು ಕೊಡುವುದಾದರೂ ಏನೆಂದು?

ಸಬಿಹಾ ಗೋಡೆಯ ಕಾಗದವನ್ನು ಅವನು ಅಂಗಡಿಗೆ ಬಂದುಹೋದ ದಿನವೇ ಕೆರೆದು ತೆಗೆದಳು. ಆಮೇಲೆ ಗೊತ್ತಿದ್ದವರನ್ನು ಕೇಳಿ ಕೇಳಿ ಕಲಿತಳು. ಈಗ ಇನ್ನೊಂದು ಕಂಪನಿಯ ಕೆಲಸ ಹಿಡಿದಿದ್ದಾಳೆ. ಒಬ್ಬೊಬ್ಬರ ಕೂಲಿ ನೇರವಾಗಿ ಅವರವರಿಗೇ ಬರಬೇಕು, ಎಲ್ಲರದೂ ಒಂದೇ ಕಡೆ ಹಾಯಬಾರದು ಎಂದು ಜಗಳ ಮಾಡಿ ಒಪ್ಪಿಸಿದಳು. ಪ್ರತಿ ಸಲ ಹೊಸ ವಿಳಾಸ. ಹಳೆಯದರಲ್ಲಿ ಉಳಿದ ಪುಡಿ ಕಾಯಿನ್ನನ್ನು ಹೊಸದಕ್ಕೆ ಹಾಕಲಿಲ್ಲ. ಹಾಕಿದರೆ ಹಳೆಯದರ ಬಾಲ ಹಿಡಿದು ಬಂದವನಿಗೆ ಹೊಸ ಮನೆಯನ್ನೂ ತೋರಿಸಿದಂತೆ. ಅಷ್ಟು ಹಣ ಸತ್ತಿತು ಅಂದುಕೊಂಡಳು. ಆದರೆ ಹಳೆಯ ಸಾಲುಗಳು ಸಾಯುವುದಿಲ್ಲ. ಆ ಬಯಲು ಲೆಕ್ಕವನ್ನು ಅಳಿಸಲು ಯಾರಿಂದಲೂ ಆಗುವುದಿಲ್ಲ.

ವರದಮ್ಮನ ಬಾಯಿ ಮತ್ತೆ ತೆರೆಯಿತು. ‘ಮೊದ್ಲು ಎಲ್ಲಾ ತೋರಿಸ್ತಿದ್ಲು. ಈಗ ಮುಚ್ತಾಳೆ. ಏನೋ ಐತೆ.’

‘ನಿಂದು ನಿಂಗೆ ತೋರಿಸ್ತೀನಿ. ಟ್ಯಾಕ್ಸ್ ಆಫೀಸಿನೋರು ಕೇಳಿದ್ರೆ ಅವರಿಗೂ ತೋರಿಸ್ತೀನಿ. ಊರಿನ ಗಂಡಂದಿರಿಗೆಲ್ಲ ಯಾಕೆ ತೋರಿಸ್ಲಿ?’

ಇದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ. ಗಂಗಾಶ್ರೀಯ ವಿಷಯ ಎತ್ತಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಇಬ್ಬರು ಕೆಲಸ ಬಿಟ್ಟರು. ಕಳ್ಳಿ ಎಂಬ ಹೆಸರು ಉಳಿಯಿತು. ಮೂಟೆಗೆ ಒರಗಿ ಕೂತ ಸಬಿಹಾ ನನಗೆ ಹೇಳಿದ್ದು ಇಷ್ಟೇ: ‘ಸಾಕಾಗೈತೆ ಕಣ್ರೀ. ಬೈಯಲಿ ಬಿಡಿ.’

ಲೆಕ್ಕ ಕೊಡಿ ಎಂದು ಬೀದಿಯಲ್ಲಿ ನಾವೂ ಕೂಗಿದ್ದೇವೆ. ಕೂಗಿದ್ದು ಸರ್ಕಾರಕ್ಕೆ, ಸಾಹುಕಾರನಿಗೆ. ಕೂಲಿಯವಳ ಸೆರಗಿನ ಗಂಟು ಬಿಚ್ಚಿಸಲಿಕ್ಕಲ್ಲ.

ವರದಮ್ಮ ಹೊಡೆದ ಆ ಗೋಡೆಯ ಫೋಟೋ ಇನ್ನೂ ಓಡಾಡುತ್ತಿದೆ. ಗಂಗಾಶ್ರೀ ಹಳೆಯ ಕಾಯಿನ್ ಮುಟ್ಟಿದರೆ ಅವಳ ಹೊಸ ಊರಿಗೂ ಜಾಡು ಬೀಳುತ್ತದೆ, ಹಾಗಾಗಿ ಮುಟ್ಟದೆ ಕೂತಿದ್ದಾಳೆ. ಆ ಲೆಕ್ಕದಲ್ಲಿ ಹೆಸರಿಲ್ಲ. ಸಬಿಹಾಳ ಹೆಸರಿರುವುದು ನಿಮ್ಮ ಫೋನಿಗೆ ಬಂದಿರುವ ಫೋಟೋದಲ್ಲಿ. ಚನ್ನೇಶನಂಥವನು ಅವನೊಬ್ಬನೇ ಅಲ್ಲ, ಗಂಗಾಶ್ರೀಯಂಥವಳೂ ಒಬ್ಬಳೇ ಅಲ್ಲ. ಓದಿ ಲೊಚಗುಟ್ಟಬೇಡಿ. ಫೋನ್ ತೆಗೆಯಿರಿ, ಗುಂಪುಗಳಲ್ಲಿ ಹುಡುಕಿ, ಅಳಿಸಿ. ಮುಂದಿನ ಸಲ ಯಾರದೇ ವಿಳಾಸ ಹೆಸರಿನ ಸಮೇತ ನಿಮ್ಮ ಕೈಗೆ ಬಂದರೆ ನಿಮ್ಮಲ್ಲೇ ನಿಲ್ಲಿಸಿ. ಮಾಡ್ತೀರೋ ಇಲ್ಲವೋ?